ಹಳದಿ ಪಟ್ಟಿಯ ಮೇಲೆ ಹದಿನಾಲ್ಕು ಬೈಕು

ನಗರದ ವಾಹನ ನಿಲುಗಡೆ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಈ ಪತ್ರದ ಮೊದಲ ಕರಡಿನಲ್ಲಿ ಒಂದು ಮಾತನ್ನು ಬಿಟ್ಟಿದ್ದೆ. ಎರಡನೆಯದರಲ್ಲೂ ಬಿಟ್ಟೆ. ಮೂರನೆಯದರಲ್ಲಿ ಅದನ್ನು ಕೊನೆಯ ಸಾಲಿನವರೆಗೆ ತಂದು, ಮತ್ತೆ ಹೊಡೆದುಹಾಕಿದೆ. ಈಗ ಮೊದಲಿಗೇ ಹೇಳಿಬಿಡುತ್ತೇನೆ; ಆಮೇಲೆ ನಿಮ್ಮನ್ನು ಬೈಯಲು ನನಗೆ ನಾಲಿಗೆ ತಡವರಿಸುವುದಿಲ್ಲ. ಕಳೆದ ತಿಂಗಳು ಗ್ರಂಥಾಲಯದ ರಸ್ತೆಯ ಫುಟ್‌ಪಾತಿನಲ್ಲಿ ಕಣ್ಣು ಕಾಣದ ಹೆಂಗಸೊಬ್ಬಳ ಕಾಲು ಸುಟ್ಟಿತಲ್ಲ, ಅವಳು ನನ್ನ ಅಕ್ಕ. ಸುಟ್ಟ ಸೈಲೆನ್ಸರ್ ನನ್ನ ಬೈಕಿನದು.

ನಿಮಗೆ ಕೊಟ್ಟ ಅರ್ಜಿಯಲ್ಲಿ ನಾನು "ಸದರಿ ಸ್ಥಳದಲ್ಲಿದ್ದ ಒಂದು ದ್ವಿಚಕ್ರ ವಾಹನ" ಎಂದು ಬರೆದಿದ್ದೆ. ಯಾರದ್ದೆಂದು ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಆ ಒಂದು ವಿಷಯದಲ್ಲಿ ನಮ್ಮಿಬ್ಬರ ಸಹಕಾರ ಎಷ್ಟು ಚೆನ್ನಾಗಿತ್ತು! ಆದರೆ ಕುಂಬಳಕಾಯಿ ಕಳ್ಳ ಅಂದಾಗಲೆಲ್ಲ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾ ಒಂದು ತಿಂಗಳು ಬದುಕಿದ ಮೇಲೆ, ಕಾಯಿಯನ್ನು ಕೆಳಗಿಳಿಸಿ ನಿಮ್ಮ ಮೇಜಿನ ಮೇಲಿಡುವುದೇ ವಾಸಿ ಅನ್ನಿಸಿದೆ. ಯಾಕೆಂದರೆ ಅದರಲ್ಲಿ ದೊಡ್ಡ ಪಾಲು ನಿಮ್ಮದು.

ನಿಮಗೆ ಆ ಫುಟ್‌ಪಾತು ನೆನಪಿರಲಿಕ್ಕಿಲ್ಲ. ಕಾರಿನ ಹಿಂದಿನ ಸೀಟಿನಿಂದ ನೋಡಿದರೆ ಎಲ್ಲ ಫುಟ್‌ಪಾತುಗಳೂ ಒಂದೇ. ನಮ್ಮ ಗಲ್ಲಿ ಮುಗಿಯುವಲ್ಲಿ ಶುರುವಾಗಿ, ಔಷಧಿ ಅಂಗಡಿ, ಬೀಗದ ಅಂಗಡಿ, ಕನ್ನಡಕದ ಅಂಗಡಿ ದಾಟಿ, ಗ್ರಂಥಾಲಯದ ಗೇಟಿನ ಪಕ್ಕದ ಅಂಚೆ ಡಬ್ಬಿಯ ಹತ್ತಿರ ನಿಲ್ಲುತ್ತದೆ. ಅಕ್ಕನ ಲೆಕ್ಕದಲ್ಲಿ ಮುನ್ನೂರ ಹತ್ತು ಹೆಜ್ಜೆ. ನಾಲ್ಕು ವರ್ಷದ ಹಿಂದೆ ನಿಮ್ಮದೇ ನಗರಾಡಳಿತ ಅದರ ನಡುವೆ ಉಬ್ಬುಗೆರೆಗಳಿರುವ ಹಳದಿ ಟೈಲ್ಸ್ ಹಾಕಿತು. ಅದು ಅಲಂಕಾರ ಎಂದು ತಿಳಿದವರು ಬಹಳ ಮಂದಿ. ನಿಮ್ಮ ವಿಭಾಗವೂ ಹಾಗೇ ತಿಳಿದಿರಬಹುದು ಎಂಬ ಅನುಮಾನ ನನಗಿದೆ. ಅದು ದಾರಿ, ಸ್ವಾಮಿ. ಕೋಲಿನ ತುದಿ ಆ ಗೆರೆಯ ಮೇಲೆ ಜಾರುತ್ತಾ ಹೋಗುತ್ತದೆ, ಅದರ ಹಿಂದೆ ಮನುಷ್ಯರು ನಡೆಯುತ್ತಾರೆ.

ಅಕ್ಕ ಆ ಗ್ರಂಥಾಲಯದ ಬೈಂಡಿಂಗ್ ಕೋಣೆಯಲ್ಲಿ ಹರಿದ ಪುಸ್ತಕಗಳನ್ನು ಹೊಲಿಯುತ್ತಾಳೆ. ಕೆಲಸಕ್ಕೆ ಸೇರಿದಾಗ ಕಣ್ಣಿತ್ತು. ಮೂವತ್ತೈದರ ನಂತರ ಒಂದೊಂದೇ ಅಂಚಿನಿಂದ ಕತ್ತಲು ಕಟ್ಟುತ್ತಾ ಬಂತು. ಬೈಂಡಿಂಗ್ ಕೋಣೆಯ ಮೇಸ್ತ್ರಿ, "ಕಣ್ಣಲ್ಲಿ ಹೊಲಿಯೋರ್ ಹೊಲಿಗೆ ಸೊಟ್ಟ ಆಗತ್ತಮ್ಮ, ನೀನು ಬೆರಳಲ್ಲಿ ಹೊಲಿ" ಎಂದು ಅವಳನ್ನು ಉಳಿಸಿಕೊಂಡರು. ಕಣ್ಣು ಹೋದ ಮೇಲೆ ಮೊದಲ ಏಳು ವರ್ಷ ಅವಳನ್ನು ಕರೆದುಕೊಂಡು ಹೋಗಿ ಬಿಡುತ್ತಿದ್ದವಳು ನಾನು. ಹಳದಿ ಪಟ್ಟಿ ಬಂದ ವಾರ ಅವಳು ನನ್ನ ಕೈ ಬಿಟ್ಟಳು. "ಇನ್ಮೇಲೆ ನೀನು ನಿನ್ ಕೆಲ್ಸ ನೋಡ್ಕೋ ಹೋಗೇ" ಅಂದಳು. ಅಷ್ಟು ಸಂತೋಷದಿಂದ ನನ್ನನ್ನು ಯಾರೂ ಓಡಿಸಿರಲಿಲ್ಲ.

ಈಗ ನೀವು ಬನ್ನಿ. ಈ ವರ್ಷದ ಆರಂಭದಲ್ಲಿ ನಿಮ್ಮ ವಿಭಾಗ "ಶಿಸ್ತುಬದ್ಧ ದ್ವಿಚಕ್ರ ನಿಲುಗಡೆ" ಎಂಬ ಫಲಕ ನೆಟ್ಟು, ಅದೇ ಫುಟ್‌ಪಾತಿನ ಮೇಲೆ ಬಿಳಿ ಬಣ್ಣದಲ್ಲಿ ಹದಿನಾಲ್ಕು ಚೌಕ ಬರೆಸಿತು. ಚೌಕಗಳು ಹಳದಿ ಪಟ್ಟಿಯ ಪಕ್ಕದಲ್ಲಿಲ್ಲ. ಪಟ್ಟಿಯ ಮೇಲಿವೆ. ಹದಿನಾಲ್ಕರ ಹೊಟ್ಟೆಯೊಳಗೂ ಪಟ್ಟಿ ಹಾದುಹೋಗುತ್ತದೆ, ಮಣಿಗಳೊಳಗೆ ದಾರ ಹೋದ ಹಾಗೆ. ಇಷ್ಟು ಕರಾರುವಾಕ್ಕಾದ ತಪ್ಪನ್ನು ಕುರುಡರ ಮೇಲೆ ದ್ವೇಷವಿದ್ದವರೂ ಮಾಡಲಾರರು. ಹೇಗಾಯಿತೆಂದು ಬಣ್ಣ ಬಳಿದ ಪೇಂಟರನ್ನೇ ಹುಡುಕಿ ಕೇಳಿದೆ. ಸಂಕೋಚದ ಮನುಷ್ಯ, ಕಿವಿ ಕೆರೆದುಕೊಂಡು ಹೇಳಿದ:

"ಮೇಡಂ, ಗೆರೆ ಹೊಡೆಯೋಕ್ ಮುಂಚೆ ನಡುಮಧ್ಯಕ್ಕೆ ದಾರ ಹಿಡೀಬೇಕು. ಇಬ್ರು ಬೇಕು ಅದಕ್ಕೆ. ನಾನೊಬ್ನೇ ಇದ್ದೆ. ಅಲ್ಲಿ ನೋಡಿದ್ರೆ ಹಳದಿ ಗೆರೆ ನೆಟ್ಟಗೆ ರೆಡಿ ಇತ್ತು. ಅದನ್ನೇ ನಡು ಅಂತ ಇಟ್ಕೊಂಡೆ."

"ಅದು ಯಾತಕ್ಕೆ ಅಂತ ಗೊತ್ತಿರಲಿಲ್ವಾ?"

"ನಂಗ್ ಯಾರ್ ಹೇಳ್ತಾರೆ? ಸಾಹೇಬ್ರು ಬಂದ್ರು, ನೋಡಿದ್ರು, ಭಾಳ ನೆಟ್ಟಗೆ ಬಂದಿದೆ ಅಂದ್ರು."

ಆ ಸಾಹೇಬರು ನೀವೋ ನಿಮ್ಮ ಕೈಕೆಳಗಿನವರೋ, ನನಗೆ ತಿಳಿಯದು. ದಾರ ಹಿಡಿಯಲು ಎರಡನೇ ಆಳನ್ನು ಕಳಿಸದ ಇಲಾಖೆ, ನೆಟ್ಟಗಿದೆ ಎಂದು ಹೊಗಳಲು ಒಬ್ಬರನ್ನು ಕಳಿಸಿತು. ಬಂದವರು ಬಗ್ಗಿ ನೋಡಲಿಲ್ಲ. ಬಗ್ಗಿದರೆ ಸೊಂಟಕ್ಕೆ ತೊಂದರೆ ಇರಬಹುದು, ಅಥವಾ ಹುದ್ದೆಗೆ.

ಇನ್ನು ಆ ದಿನದ ಸಂಗತಿ. ಚೌಕ ಬಂದಂದಿನಿಂದ ಅಕ್ಕ ಅವು ತುಂಬುವ ಮೊದಲೇ ಕೆಲಸಕ್ಕೆ ಹೋಗಿ, ಖಾಲಿಯಾದ ಮೇಲೆ ಮನೆಗೆ ಬರುತ್ತಿದ್ದಳು. ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬೆಳಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಬೈಕಿನಲ್ಲಿ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರುತ್ತೇನೆ. ಅಂದು ಎಂಟು ಮನೆ ಮುಗಿಸಿ ವಾಪಸಾಗುವಾಗ, ಸೂಜಿ ಚುಚ್ಚಿದ ಜಾಗಕ್ಕೆ ಹಚ್ಚುವ ಅಂಟುಪಟ್ಟಿ ಮುಗಿದಿದ್ದು ನೆನಪಾಗಿ, ಔಷಧಿ ಅಂಗಡಿಯ ಮುಂದೆ ನಿಲ್ಲಿಸಿದೆ. ಎಲ್ಲಿ? ನಿಮ್ಮ ಚೌಕದೊಳಗೆ. ಹಳದಿ ಪಟ್ಟಿ ನನಗೆ ಕಾಣಲಿಲ್ಲವೇ? ಕಂಡಿತು. ಅದು ಯಾರದೆಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಬಿಳಿ ಗೆರೆ ಇತ್ತು, ಫಲಕ ಇತ್ತು, ಎರಡೇ ನಿಮಿಷದ ಕೆಲಸ ಇತ್ತು. ಸರ್ಕಾರಿ ಬಣ್ಣ ಮನಸ್ಸಾಕ್ಷಿಯ ಮೇಲೆ ಎಷ್ಟು ನುಣ್ಣಗೆ ಕೂರುತ್ತದೆ ಎಂಬುದು ನನಗೆ ಅವತ್ತು ಗೊತ್ತಾಯಿತು.

ಪಟ್ಟಿಯ ಮೇಲೆ ಅಡ್ಡ ನಿಂತ ಬೈಕು ಗೋಡೆಗಿಂತ ಕೆಟ್ಟದ್ದು. ಗೋಡೆ ಕೋಲಿಗೆ ಸಿಗುತ್ತದೆ. ಬೈಕಿನ ಎರಡು ಚಕ್ರಗಳ ನಡುವೆ ಕೋಲು ನುಸುಳಿ, ಮುಂದೆ ದಾರಿ ಇದೆ ಎಂದು ಹೇಳುತ್ತದೆ. ಕೋಲನ್ನು ನಂಬಿ ಕಾಲು ಹೋಗುತ್ತದೆ. ಅಂಗಡಿಯೊಳಗಿದ್ದ ನನಗೆ ಕೇಳಿಸಿದ್ದು ಒಂದು ಸಣ್ಣ "ಹಾ" ಅಷ್ಟೇ. ಹೊರಗೆ ಬಂದಾಗ ಅಕ್ಕ ಒಂದು ಕಾಲನ್ನು ಎತ್ತಿ ಹಿಡಿದು, ಬೀಳದಿರಲು ಸೀಟಿನ ಮೇಲೆ ಅಂಗೈ ಊರಿ ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, ನಡಿಗೆಯ ಸದ್ದಿಗೆ ಗುರುತು ಹಿಡಿದು ಅಂದಳು:

"ಬಾ ಬಾ. ನಿಂದೇ ಇದು."

"ಏನು?"

"ಬೈಕು ಕಣೇ. ಸೀಟಿನ ಹೊಲಿಗೆ ನಂದಲ್ವಾ. ಆರು ಹೊಲಿಗೆ, ಕೊನೇದು ಸೊಟ್ಟ. ನೀನು ಅವಸರ ಮಾಡಿದ್ದೆ."

"ಅಕ್ಕಾ, ಎರಡೇ ನಿಮಿಷ ಅಂತ..."

"ನಂಗೆ ಒಂದೇ ಸೆಕೆಂಡು ಸಾಕಾಯ್ತು."

ನನ್ನ ಕೈಯಲ್ಲಿ ಹೊಸ ಅಂಟುಪಟ್ಟಿಯ ಡಬ್ಬಿ ಇತ್ತು. ಅಂಗೈಯಗಲದ ಸುಟ್ಟ ಗಾಯಕ್ಕೆ ಅದು ಯಾವ ಉಪಯೋಗಕ್ಕೂ ಬರಲಿಲ್ಲ.

ಮೂರು ದಿನ ಬಿಟ್ಟು ನಿಮ್ಮ ಕಚೇರಿಗೆ ಬಂದೆ. ಮೂರನೇ ಕಿಟಕಿಯ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ಹಣೆಗೇರಿಸಿ ಕೇಳಿದರು:

"ಗಾಡಿ ಗೆರೆ ಒಳಗಿತ್ತಾ, ಹೊರಗಿತ್ತಾ?"

"ಒಳಗೆ."

"ಹಾಗಾದ್ರೆ ಗಾಡಿಯವರದ್ದು ತಪ್ಪಿಲ್ಲ."

"ಮತ್ತೆ ಯಾರದ್ದು?"

ಅವರು ನಿಜವಾಗಿಯೂ ಯೋಚಿಸಿದರು, ಪಾಪ. ಆಮೇಲೆ, "ಅವರು ಗೆರೆ ಒಳಗೆ ಯಾಕ್ ಬಂದ್ರು ಮೇಡಂ?" ಅಂದರು.

ನಾನು ಆಗಲೇ ಹೇಳಬಹುದಿತ್ತು, ಗಾಡಿಯವರು ನಾನೇ ಎಂದು. "ಗಾಡಿಯವರದ್ದು ತಪ್ಪಿಲ್ಲ" ಎಂಬ ಮಾತು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ಸುಮ್ಮನೆ ರಸೀದಿ ತೆಗೆದುಕೊಂಡು ಬಂದೆ.

ಕಳೆದ ವಾರ ನಿಮ್ಮ ಸಹಿಯಿರುವ ಉತ್ತರ ಬಂತು. ಅದರ ಒಂದು ಸಾಲನ್ನು ನಿಮ್ಮ ಮಾತಿನಲ್ಲೇ ಕೊಡುತ್ತೇನೆ, ಪತ್ರಿಕೆಯಲ್ಲಿ ಇದನ್ನು ಓದುವವರು ನಾನು ಕಟ್ಟಿದ ಕತೆ ಎಂದುಕೊಳ್ಳಬಾರದು: "ಸದರಿ ಸ್ಥಳದಲ್ಲಿನ ಉಬ್ಬು ಟೈಲ್ಸ್ ನಿಗದಿತ ವಾಹನ ನಿಲುಗಡೆಯೊಂದಿಗೆ ಹೊಂದಾಣಿಕೆಯಾಗದಿರುವುದು ಪರಿಶೀಲನೆಯಿಂದ ಕಂಡುಬಂದಿದ್ದು, ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ಅವುಗಳನ್ನು ಇದೇ ತಿಂಗಳ ಇಪ್ಪತ್ತಾರರಂದು ತೆರವುಗೊಳಿಸಲಾಗುವುದು."

ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರ ಗಾದೆ ಕೇಳಿದ್ದೆ. ಅವರು ಕೊಯ್ದುಕೊಂಡದ್ದು ಸ್ವಂತ ಮೂಗನ್ನಾದರೂ ಆಗಿತ್ತು. ಬೈಕಿನ ಅಡಿಯಿಂದ ದಾರಿಯನ್ನೇ ಕಿತ್ತು ಬಿಸಾಡಿದರೆ ದಾರಿಯಲ್ಲಿ ಯಾರೂ ಎಡವುವುದಿಲ್ಲ, ನಿಜ. ಹಾಗೇ ಗ್ರಂಥಾಲಯವನ್ನೂ ತೆರವುಗೊಳಿಸಿದರೆ ಅಲ್ಲಿಗೆ ನಡೆದು ಹೋಗುವ ಅಪಾಯವೇ ಇರುವುದಿಲ್ಲವಲ್ಲ? ಈ ಸಾಲನ್ನು ಬರೆದು, ಟೈಪು ಮಾಡಿ, ಓದಿ, ಸಹಿ ಹಾಕುವ ತನಕ ಕಡಿಮೆಯೆಂದರೆ ನಾಲ್ಕು ಜೊತೆ ಕಣ್ಣು ಅದರ ಮೇಲೆ ಹಾದಿರಬೇಕು. ನನ್ನ ಅಕ್ಕನಿಗೆ ಒಂದು ಜೊತೆಯೂ ಇಲ್ಲ. ಆದರೂ ನಾನು ಓದಿ ಹೇಳಿದಾಗ ತಪ್ಪು ಎಲ್ಲಿದೆ ಎಂಬುದು ಅವಳಿಗೆ ಅರೆಗಳಿಗೆಯಲ್ಲಿ ಕಂಡಿತು. "ಇವ್ರಿಗೆ ಯಾರಾದ್ರೂ ಒಂದು ಕೋಲು ಕೊಡ್ಸಿ" ಅಂದಳು.

ಆಮೇಲೆ ನಗಲಿಲ್ಲ. ಪಟ್ಟಿ ಹೋದರೆ ಈ ತಿಂಗಳ ಕೊನೆಗೆ ಕೆಲಸ ಬಿಡುವುದಾಗಿ ಹೇಳಿದಳು. ನಾನು ದಿನಾ ಬಿಟ್ಟು ಬರುತ್ತೇನಲ್ಲ, ಈ ಒಂದು ತಿಂಗಳು ಬಿಟ್ಟಿಲ್ಲವೇ ಎಂದೆ. "ಬಿಟ್ಟೆ. ಅದಕ್ಕೇ ಹೇಳ್ತಿರೋದು. ನಿನ್ನ ಹಿಂದೆ ಕೂತು ಹೋಗೋವಾಗ ನಾನು ಸಾಮಾನು ಕಣೇ. ಹತ್ತಿಸ್ತೀಯ, ಇಳಿಸ್ತೀಯ. ಆ ಮುನ್ನೂರು ಹೆಜ್ಜೆಲಿ ಮಾತ್ರ ನಾನು ಯಾರ ಅಕ್ಕನೂ ಅಲ್ಲ." ಹದಿನೆಂಟು ವರ್ಷದ ಕೆಲಸ ನಿಂತಿರುವುದು ನೀವು ಇಪ್ಪತ್ತಾರನೇ ತಾರೀಖಿಗೆ ಕಳಿಸಲಿರುವ ಹಾರೆಯ ತುದಿಯಲ್ಲಿ.

ಹಾಗಾದರೆ ಬೈಕುಗಳು ಎಲ್ಲಿ ನಿಲ್ಲಬೇಕು ಎಂದು ಕೇಳುತ್ತೀರಿ. ಕೇಳಲೇಬೇಕಾದ ಪ್ರಶ್ನೆ, ನೀವು ಕೇಳಿಕೊಳ್ಳದಿದ್ದದ್ದು. ಬೈಕಿನವರನ್ನು ಶತ್ರು ಮಾಡುವುದು ನನಗಾಗದು, ನಾನೇ ಬೈಕಿನವಳು. ನಮಗೂ ಅಂಗಡಿಗೆ ಹೋಗುವುದಿರುತ್ತದೆ. ಆದರೆ ಚಕ್ರವಿರುವುದು ರಸ್ತೆಯಲ್ಲಿ ನಿಲ್ಲಬೇಕು, ಕಾಲಿರುವುದು ಫುಟ್‌ಪಾತಿನಲ್ಲಿ ನಡೆಯಬೇಕು. ಇದನ್ನು ತಿಳಿಯಲು ಇಲಾಖೆ ಬೇಕಿಲ್ಲ. ಅದೇ ಫುಟ್‌ಪಾತಿಗೆ ಅಂಟಿದಂತೆ ರಸ್ತೆಯಲ್ಲಿ ನೀವು ಒಂಬತ್ತು ಕಾರುಗಳಿಗೆ ಜಾಗ ಗುರುತಿಸಿದ್ದೀರಿ. ಭಾನುವಾರ ಟೇಪು ಹಿಡಿದು ಅಳೆದೆ. ಒಂದು ಕಾರಿನ ಜಾಗದಲ್ಲಿ ಐದು ಬೈಕು ಆರಾಮಾಗಿ ನಿಲ್ಲುತ್ತವೆ. ಹದಿನಾಲ್ಕಕ್ಕೆ ಮೂರು ಕಾರಿನ ಜಾಗ ಸಾಕು, ಒಂದು ಬೈಕಿನ ಜಾಗ ಮಿಗುತ್ತದೆ. ಆ ಒಂಬತ್ತರಲ್ಲಿ ಒಂದರಲ್ಲಿ ಬೂದು ಹೊದಿಕೆ ಹೊದ್ದ ಕಾರೊಂದು ತೊಟ್ಟಿಲಿನ ಕೂಸಿನಂತೆ ಮಲಗಿದೆ. ಅದು ಕದಲಿದ್ದನ್ನು ನಾನು ಕಂಡಿಲ್ಲ. ಅದರ ಚಕ್ರದ ಬುಡದಲ್ಲಿ ಹುಲ್ಲು ಹುಟ್ಟಿ ಹೂವೂ ಬಿಟ್ಟಿದೆ. ಇನ್ನೆರಡರಲ್ಲಿ "ನಿಲುಗಡೆ ವಿಭಾಗದ ವಾಹನಗಳಿಗೆ ಮಾತ್ರ" ಎಂಬ ಫಲಕವಿದೆ. ಲೆಕ್ಕ ಹಾಕಿ ನೋಡಿ, ಮೂರಾಯಿತು. ಹೂ ಬಿಟ್ಟ ಕಾರು ಒಂದು, ನೀವು ಎರಡು.

ನಮ್ಮ ಲ್ಯಾಬಿನಲ್ಲಿ ತಪ್ಪುಗಳನ್ನು ಬರೆದಿಡುವ ಒಂದು ಪುಸ್ತಕವಿದೆ. ಯಾರದೋ ರಕ್ತಕ್ಕೆ ಯಾರದೋ ಹೆಸರಿನ ಚೀಟಿ ಅಂಟಿದರೆ, ಅಂಟಿಸಿದವರೇ ತಮ್ಮ ಕೈಯಾರೆ ಬರೆಯಬೇಕು: ಏನಾಯಿತು, ಯಾರು ಮಾಡಿದ್ದು, ಮತ್ತೆ ಆಗದಂತೆ ಏನು ಮಾಡಿದೆವು. ಇಪ್ಪತ್ತು ವರ್ಷದಲ್ಲಿ ನಾನು ಏಳು ಸಲ ಬರೆದಿದ್ದೇನೆ. ಪ್ರತಿ ಸಲವೂ ಮೈ ಬಿಸಿಯಾಗಿದೆ, ಯಾವ ಸಲವೂ ಪ್ರಾಣ ಹೋಗಿಲ್ಲ. ನಿಮ್ಮಲ್ಲಿ ಅಂಥ ಪುಸ್ತಕವಿರಲಾರದು. ಇದ್ದಿದ್ದರೆ ನೀವು ಟೈಲ್ಸಿನ ಮೇಲೆ ತಪ್ಪು ಹೊರಿಸುತ್ತಿರಲಿಲ್ಲ. ಹಾಗಾಗಿ ಈ ಪತ್ರವನ್ನೇ ಮೊದಲ ಪುಟವೆಂದು ಇಟ್ಟುಕೊಳ್ಳಿ. ನನ್ನ ಸಾಲನ್ನು ನಾನು ಬರೆದಾಯಿತು. ಕೆಳಗೆ ನಿಮಗೆ ಜಾಗ ಬಿಟ್ಟಿದ್ದೇನೆ.

ನಾನು ಕೇಳುವುದು ಇಷ್ಟು. ಇಪ್ಪತ್ತಾರರ ಆದೇಶವನ್ನು ಬರಹದಲ್ಲಿ ರದ್ದು ಮಾಡಿ. ಹದಿನಾಲ್ಕು ಚೌಕಗಳನ್ನು ಅಳಿಸಿ, ಬೈಕುಗಳನ್ನು ರಸ್ತೆಗಿಳಿಸಿ, ಆ ಮೂರು ಜಾಗಗಳಿಗೆ. ಈ ಸಲ ದಾರ ಹಿಡಿಯಲು ಇಬ್ಬರನ್ನು ಕಳಿಸಿ. ಆಳಿಲ್ಲದಿದ್ದರೆ ಹೇಳಿ ಕಳಿಸಿ, ಇನ್ನೊಂದು ತುದಿ ನಾನು ಹಿಡಿಯುತ್ತೇನೆ. ಕ್ಷಮೆ ಬೇಡ. ಅದನ್ನು ಅಕ್ಕ ನನ್ನಿಂದಲೇ ತೆಗೆದುಕೊಂಡಿಲ್ಲ.

ನಿನ್ನೆ ಸಂಜೆ ಇದನ್ನೆಲ್ಲ ಅವಳಿಗೆ ಓದಿ ಹೇಳಿದೆ. "ಲಕೋಟೆ ಕೊಡು, ನಾನೇ ಡಬ್ಬಿಗೆ ಹಾಕಿ ಬರ್ತೀನಿ" ಅಂದಳು. "ನಾನೂ ಬರ್ತೀನಿ" ಅಂದೆ. "ಬಾ, ಹತ್ತು ಹೆಜ್ಜೆ ಹಿಂದೆ. ಬಾಯಿ ಮುಚ್ಕೊಂಡು." ಒಂದು ಪ್ರತಿ ಪತ್ರಿಕೆಗೆ ಹೋಗುತ್ತದೆ, ನಿಮ್ಮದು ಮಾತ್ರ ಆ ಮುನ್ನೂರ ಹತ್ತು ಹೆಜ್ಜೆಯ ದಾರಿಯಲ್ಲೇ ಬರಬೇಕು. ಪತ್ರಿಕೆಯಲ್ಲಿ ಓದಿದ್ದು ನಿಮ್ಮ ಮೇಜಿಗೆ ಬಾರದಿದ್ದರೆ ಅಂಚೆಯವರನ್ನು ದೂರಬೇಡಿ. ಬಂದು, ಬಗ್ಗಿ, ಅಕ್ಕನ ಕೈಯ ಲಕೋಟೆ ಯಾವ ಚೌಕದ ಹತ್ತಿರ ಬಿದ್ದಿದೆ ಎಂದು ನೋಡಿ.

ಇಂತಿ ನಿಮ್ಮ ವಿಶ್ವಾಸಿ ಎಂದು ಬರೆಯಲು ಕೈ ಬರುತ್ತಿಲ್ಲ. ಆದ್ದರಿಂದ, ಇಂತಿ,

ನೀವು ಎಳೆದ ಗೆರೆಯೊಳಗೆ ಅಚ್ಚುಕಟ್ಟಾಗಿ ಬೈಕು ನಿಲ್ಲಿಸಿದವಳು

ಅಂಚೆಗೆ ಹಾಕುವುದು: ಸೋಮವಾರ, ಹದಿನೆಂಟನೇ ತಾರೀಖು, ಬೆಳಗ್ಗೆ ಒಂಬತ್ತೂಕಾಲಕ್ಕೆ, ಚೌಕಗಳೆಲ್ಲ ತುಂಬಿರುವಾಗ.