ಇಬ್ಬರ ಹಲಗೆ

ಬೊಲಿ ಅಣ್ಣಾ,

ಲಮಲೇರಾದ ದಂಡೆಯಲ್ಲಿ ಇವತ್ತು ನಮ್ಮ ಮನೆತನದ ಹೊಸ ದೋಣಿಗೆ ಹಳೆಯದರ ಹಲಗೆ ಕೂಡಿಸಿದರು. ತಿಮಿಂಗಿಲ ಬಾಲ ಬೀಸಿ ದೋಣಿ ಒಡೆದ ದಿನ ನಾವಿಬ್ಬರೂ ತಬ್ಬಿ ಹಿಡಿದಿದ್ದ ಹಲಗೆ ಅದು. ಇಬ್ಬರ ಭಾರಕ್ಕೆ ಅದು ಮುಳುಗತೊಡಗಿದಾಗ ನೀನು ಕೈ ತೆಗೆದೆ. ನಾನು ದಡ ಸೇರಿದೆ.

"ಬಿರುಕು ಬಿಟ್ಟಿದೆ ಕಣಕ್ಕಾ, ಬೇರೆ ಹಲಗೆ ಕೊಡು," ಎಂದ ಬಡಗಿ ಕೋಪೊಂಗ್.

"ನನ್ನ ಮಗನ್ನ ಹೊತ್ಕೊಂಡು ಬಂದಿದ್ದು ಇದು. ನಿನ್ನ ಸೋಂಬೇರಿ ಉಳಿ ಯಾರನ್ನ ಹೊತ್ತಿದೆಯೋ?" ಎಂದಳು ಅವ್ವ.

ಅವನು ನಗುತ್ತಾ ಅದನ್ನು ದೋಣಿಯ ಮುಂತುದಿಯಲ್ಲಿ, ನೀನು ಈಟಿ ಹಿಡಿದು ನಿಲ್ಲುತ್ತಿದ್ದ ಕಡೆ, ಕೂರಿಸಿದ. ನೀನು ಕೈ ತೆಗೆದ ದಿನದಿಂದ ದೋಣಿಯನ್ನೇ ಹತ್ತದ ನಾನು ಹತ್ತಿ ಆ ಹಲಗೆಯ ಮೇಲೆ ನಿಂತೆ.

"ನಟ್ಟನಡುವೆ ನಿಲ್ಬೇಡ್ವೋ, ಅವನಿಗೂ ಜಾಗ ಬಿಡು," ಎಂದು ಗದರಿದಳು ಅವ್ವ.

ಸರಿದು ನಿಂತೆ, ಅಣ್ಣಾ. ನಾಳೆ ಕಡಲಿಗಿಳಿಯೋಣ, ಬಾ.