ಮಗಳು ಓದಿ ಹೇಳಿದ ವಿಮರ್ಶೆ

ನವೆಂಬರ್ ೧೨, ಮಂಗಳವಾರ

ಸಂಜೆಯ ಆ ಫೋನು ಇನ್ನೂ ತಲೆ ತಿನ್ನುತ್ತಿದೆ. ಮಾಡಿದವರು ಪತ್ತೇದಾರಿ ಸರಣಿ ಬರೆಯುವ ಆ ನಿವೃತ್ತ ಇನ್ಸ್‌ಪೆಕ್ಟರ್. ಅವರ ಹೊಸ ಕಾದಂಬರಿಯನ್ನು ಭಾನುವಾರದ ಪತ್ರಿಕೆಯಲ್ಲಿ ಹಿಗ್ಗಾಮುಗ್ಗಾ ಜಾಡಿಸಿದ್ದೆ. ಕೊಲೆಗಾರ ಯಾರೆಂದು ಓದುಗರಿಗೆ ಮೂರನೇ ಅಧ್ಯಾಯದಲ್ಲೇ ಗೊತ್ತಾಗುತ್ತದೆ, ಲೇಖಕರಿಗೆ ಮಾತ್ರ ಕೊನೆಯವರೆಗೂ ಗೊತ್ತಾಗುವುದಿಲ್ಲ ಎಂದು ಬರೆದಿದ್ದೆ. ಒಳ್ಳೆಯ ಸಾಲು ಅದು.

ಜಗಳಕ್ಕೇ ಮಾಡಿದ್ದಾರೆ ಎಂದುಕೊಂಡೆ. ನೋಡಿದರೆ ಅವರು ಥ್ಯಾಂಕ್ಸ್ ಹೇಳಲು ಮಾಡಿದ್ದರು.

"ಕಣ್ಣು ಹೋದ್ಮೇಲೆ ಹೇಳಿ ಬರೆಸಿದ ಮೂರನೇ ಪುಸ್ತಕ ಸರ್ ಇದು. ಮಗಳು ನಿಮ್ಮ ವಿಮರ್ಶೆ ಓದಿ ಹೇಳಿದ್ಲು. ಸರಣಿಯಲ್ಲೇ ಇದು ಚೆನ್ನಾಗಿದೆ ಅಂದ್ರಲ್ಲ, ಅಷ್ಟು ಸಾಕು ನನಗೆ."

ಹೂಂ ಎಂದು ಫೋನಿಡಬಹುದಿತ್ತು. ಆದರೆ ನನ್ನ ಸಾಲು ಅಳಿಸಿ ಅವಳು ತನ್ನದನ್ನು ಸೇರಿಸಿದ್ದು ಮೈ ಉರಿಸಿತು. "ನಾನು ಹಾಗೆ ಬರೆದಿಲ್ಲ ಸರ್" ಎಂದು, ಬರೆದದ್ದನ್ನು ನಿಧಾನವಾಗಿ, ಒಂದಕ್ಷರ ಬಿಡದೆ ಹೇಳಿದೆ.

ಅವರು ಫೋನು ಹಿಡಿದುಕೊಂಡೇ ಮಗಳನ್ನು ಕರೆದರು.

"ಇಲ್ಲಿ ಬಾಮ್ಮ. ಹಿಂದಿನ ಎರಡಕ್ಕೂ ಹೀಗೇ ಸುಳ್ಳು ಓದಿದ್ಯಾ?"

ಅವಳು ಅಳುವುದು ಕೇಳಿಸಿತು. ಇಷ್ಟು ಚೊಕ್ಕ ವಿಚಾರಣೆ ಅವರ ಯಾವ ಪುಸ್ತಕದಲ್ಲೂ ಇಲ್ಲ. ನಾನು ಫೋನಿಡಲಿಲ್ಲ, ಉಸಿರು ಬಿಗಿಹಿಡಿದು ಕೇಳುತ್ತಲೇ ಇದ್ದೆ.