ಗುಂಯ್‌ಪೆಟ್ಟಿಗೆ ಸುಮ್ಮನಾದ ದಿನ

೩೦ ಫೆಬ್ರುವರಿ ೨೩೦೪
ಕಪ್ಪತಗುಡ್ಡದ ಕೆಳಗಿನ ಮೌನವಾಡಿ

ಶಿವಲೀಲಾ ಆಯಿಗೆ, ನಿನ್ನ ಹತ್ತನೇ ತಲೆಮಾರಿನ ಮೊಮ್ಮಗಳು ನೀಲಾಂಬಿಕೆಯ ಶರಣು. ತಾರೀಖು ನೋಡಿ ಗಾಬರಿಯಾಗಬೇಡ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೋ. ನನ್ನ ಸಿಟ್ಟನ್ನು ಮಾತ್ರ ಪೂರ್ತಿ ಓದು, ಅದು ನಿನ್ನ ಮೇಲಿನದು.

ನಿನ್ನ ತಲೆನೋವಿಗೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆಯಲ್ಲ: ಮೊಬೈಲು ದಿಂಬಿನ ಹತ್ತಿರ ಇಡಬಾರದು, ಕೈಗೆ ತಾಮ್ರದ ಬಳೆ, ಉಪ್ಪುನೀರಲ್ಲಿ ಕಾಲು, ಹೊಟ್ಟೆಯ ಮೇಲೆ ಹುತ್ತದ ಮಣ್ಣು. ಕೊನೆಗೊಂದು ಸಾಲು: ‘ಕಂಪ ಬಿಡುವ ಯಂತ್ರ ಮೈಯಿಂದ ದೂರವಾದರೆ ರೋಗವೂ ದೂರ.’ ಆ ಸಾಲು ಈಗ ನಮ್ಮ ಕಾನೂನು. ಮಕ್ಕಳು ಅಕ್ಷರಕ್ಕಿಂತ ಮೊದಲು ಅದನ್ನು ಬಾಯಿಪಾಠ ಮಾಡುತ್ತವೆ. ದೀಪ ಎಣ್ಣೆಯದು, ಗೋಡೆಗೆ ತಾಮ್ರದ ಬಲೆ, ಊಟಕ್ಕೆ ಮೊದಲು ಅಂಗೈಗೆ ಮಣ್ಣು. ಯಂತ್ರ ತಂದವನ ಬೆರಳು ಮುರಿಯುತ್ತೇವೆ. ಮುರಿಯುವವಳು ನಾನು, ಊರಿನ ಕಂಪವ್ವ, ಅಂದರೆ ಯಂತ್ರ ಬಿಡುವ ಅಲೆ, ಆ ಕಂಪ, ಮೈಯೊಳಗಿನಿಂದ ಇಳಿಸುವವಳು. ನನ್ನ ಸೊಂಟದಲ್ಲಿ ಸದಾ ಗುಂಯ್‌ಪೆಟ್ಟಿಗೆ ಇರುತ್ತದೆ. ಯಂತ್ರದ ಹತ್ತಿರ ಹೋದರೆ ಗುಂಯ್‌ಗುಟ್ಟುತ್ತದೆ. ಅದೂ ಒಂದು ಯಂತ್ರವೇ ಅಲ್ಲವೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಹೋದ ತಿಂಗಳು ತಂಗಿ ಪಾರವ್ವ ಎರಡು ವರ್ಷದ ಮೇಲೆ ಪಟ್ಟಣದಿಂದ ಮನೆಗೆ ಬಂದಳು. ತಬ್ಬಿಕೊಂಡಾಗ ಪೆಟ್ಟಿಗೆ ಕಿರುಚಿತು. ಅವಳ ಎಡ ಹೆಗಲಿನ ಕೆಳಗೆ, ಚರ್ಮದೊಳಗೆ, ಬೆಂಕಿಪೊಟ್ಟಣದಷ್ಟು ಉಬ್ಬು. “ಅಕ್ಕಾ, ಅದನ್ನ ಮುಟ್ಟಬ್ಯಾಡ. ಎದಿ ತಾನಾಗೇ ಬಡಿಯೂದಿಲ್ಲ ನಂದು. ಡಾಕ್ಟರು ಇಟ್ಟಾರ, ಅದರಿಂದನ ಬದುಕೀನಿ” ಅಂದಳು. ನಾನು ನಕ್ಕುಬಿಟ್ಟೆ ಆಯಿ. ಕಂಪ ಹಿಡಿದವರೆಲ್ಲ ಹಾಗೇ ಅನ್ನುತ್ತಾರೆ ಎಂದು ನಮಗೆ ಕಲಿಸಿದ್ದಾರೆ. ಊರಿನ ನಾಲ್ವರು ಅವಳ ಕೈಕಾಲು ಒತ್ತಿ ಹಿಡಿದರು. ಕೂಗದಂತೆ ಬಾಯಿಗೆ ಹುತ್ತದ ಮಣ್ಣು ತುರುಕಿದೆ. ಚಾಕು ನಾನೇ ಹಿಡಿದೆ. ಸ್ವಂತ ತಂಗಿಯೆಂದು ಬೇರೆಯವರ ಕೈಗೆ ಬಿಡಲಿಲ್ಲ. ಉಬ್ಬು ಸೀಳಿ ಯಂತ್ರವನ್ನು ಅದರ ತಂತಿ ಸಮೇತ ಎಳೆದು ಕಿತ್ತಾಗ ರಕ್ತ ಮೊಣಕೈವರೆಗೆ ಹರಿಯಿತು. ಯಂತ್ರವನ್ನು ಒರಳಿಗೆ ಹಾಕಿ ಒನಕೆಯಿಂದ ಜಜ್ಜಿದೆವು, ಮೊದಲ ಏಟು ನನ್ನದು. ಪೆಟ್ಟಿಗೆ ಸುಮ್ಮನಾಯಿತು. ಜನ ಹೋ ಎಂದು ಕೂಗಿದರು. ತಿರುಗಿ ನೋಡಿದರೆ ಪಾರವ್ವನ ತುಟಿ ನೀಲಿ. ಎದೆ ಗುದ್ದಿದೆ, ಹೆಸರು ಹಿಡಿದು ಅರಚಿದೆ, ಬಾಯೊಳಗಿನ ಮಣ್ಣನ್ನು ಬೆರಳಿಂದ ಬಗೆದು ತೆಗೆದೆ. ಅಯ್ಯೋ, ಅವಳು ಏಳಲಿಲ್ಲ.

‘ಕಂಪ ಇಳಿಯಿತು, ಶುದ್ಧವಾಗಿ ಸತ್ತಳು’ ಅಂದರು ಊರವರು. ಇವತ್ತು ಕಿವಿ ಕೇಳಲೆಂದು ಕಿವಿಯ ಹಿಂದೆ, ತಲೆಬುರುಡೆಯೊಳಗೆ ಯಂತ್ರ ಇಡಿಸಿಕೊಂಡ ಮುದುಕಿಯೊಬ್ಬಳನ್ನು ಎಳೆದು ತಂದಿದ್ದಾರೆ. ಅವಳ ಮೇಲೆ ಚಾಕು ಹಿಡಿಯಲಾರೆ ಎಂದು ನನ್ನ ಜೊತೆ ಮನೆಯೊಳಗೆ ಕೂಡಿಸಿ ಅಗಳಿ ಹಾಕಿದ್ದೇನೆ. ಬಾಗಿಲ ಮೇಲೆ ಕೊಡಲಿ ಏಟು ಬೀಳುತ್ತಿದೆ. ನಿನ್ನ ನೋಟ್‌ಬುಕ್ ಸುಟ್ಟೆ. ಸುಟ್ಟು ಏನು ಬಂತು, ಎಲ್ಲರಿಗೂ ಬಾಯಿಪಾಠ.

ನಿನ್ನ ತಲೆನೋವು ಸುಳ್ಳೆಂದು ನಾನು ಹೇಳುತ್ತಿಲ್ಲ ಆಯಿ. ಬಳೆ ಹಾಕಿಕೋ, ಕಾಲು ನೆನೆಸು, ಬರೆಯುವುದಾದರೆ ಬರೆ. ಆ ಸಾಲಿನ ಕೆಳಗೆ ‘ನನಗೆ ಖಾತ್ರಿಯಿಲ್ಲ’ ಎಂದೊಂದು ಮಾತು ಸೇರಿಸು. ಅಷ್ಟಿದ್ದಿದ್ದರೆ ಸಾಕಿತ್ತು, ನಾನು ತಂಗಿಯ ಮಾತು ಕೇಳುತ್ತಿದ್ದೆ.